ಯಾರ ಬೀಗವೋ ಅವರದೇ ಕೀಲಿ

ಪಾಠದ ನಡುವೆ ಸೀಮೆಸುಣ್ಣಕ್ಕಾಗಿ ಜೇಬಿಗೆ ಕೈ ಹಾಕಿದ ಬೀಗಪ್ಪನ ಬೆರಳಿಗೆ ಅಲ್ಲಿರಬಾರದ ಕೀಲಿಯೊಂದು ಸಿಕ್ಕಿತು. ಹೊರಗೆ ತೆಗೆದು ನೋಡಿದ. ಹಿತ್ತಾಳೆಯ ಪುಟ್ಟ ಕೀಲಿ, ತಲೆಗೆ ಕೆಂಪು ಬಣ್ಣ. ಈ ಕೀಲಿಯ ಬೀಗ ಸಮುದ್ರದ ಆಚೆ, ಅವನ ಸ್ವಂತ ಅಕ್ಕ ಇರುವ ಕಟ್ಟಡದಲ್ಲಿ, ಲಿಫ್ಟಿನ ಮುಖ್ಯ ಸ್ವಿಚ್ಚಿಗೆ ಜೋತುಬಿದ್ದಿತ್ತು. ಅಕ್ಕ ಇರುವುದು ಆರನೆಯ ಮಹಡಿಯಲ್ಲಿ. ಅವಳ ಮಂಡಿಯೋ, ಮೆಟ್ಟಿಲಿನ ಹೆಸರೆತ್ತಿದರೇ ನೋಯುವಂಥದ್ದು.

ಎದುರಿಗೆ ಬೆಂಚುಗಳ ಮೇಲೆ ಹನ್ನೊಂದು ಮಂದಿ ಹುಡುಗ ಹುಡುಗಿಯರು ಕುಳಿತಿದ್ದರು. ಹಲಗೆಯ ಮೇಲೆ ಅವನೇ ಆಗಷ್ಟೇ ಬಿಡಿಸಿದ ಚಿತ್ರ: ಒಂದು ಬೀಗ, ಒಂದು ಕೀಲಿ, ಒಬ್ಬ ಮನುಷ್ಯ.

"ಯಾರ ಬೀಗವೋ ಅವರದೇ ಕೀಲಿ," ಎಂದು ಅರ್ಧಕ್ಕೆ ನಿಂತ ಪಾಠವನ್ನು ಮೊದಲ ಬೆಂಚಿನ ಹುಡುಗಿ ಅವನದೇ ಭಾಷೆಯಲ್ಲಿ ಪೂರ್ತಿ ಮಾಡಿದಳು. ಅವಳಿಗೆ ಅವನು ಗಿಣಿ ಎಂದು ಹೆಸರಿಟ್ಟಿದ್ದ. ಹಿಂದೆ ಅವನು ತಿಂಗಳುಗಟ್ಟಲೆ ಇದ್ದು ಕಲಿಸಿದಾಗಲೇ ಕಿವಿಗೆ ಬಿದ್ದದ್ದನ್ನೆಲ್ಲ ಒಪ್ಪಿಸಿ ಒಪ್ಪಿಸಿಯೇ ಅವಳು ಅವನ ಮಾತನ್ನು ಕಲಿತುಬಿಟ್ಟಿದ್ದಳು. ಉಳಿದವರಿಗೆ, ಅವನ ಭಾಷೆ ಬಲ್ಲ ಅಲ್ಲಿಯ ಶಾಲೆಯ ಟೀಚರಮ್ಮ ಪಕ್ಕದಲ್ಲಿ ನಿಂತು ತಿಳಿಸಿ ಹೇಳಬೇಕಿತ್ತು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ತನಗಾಗಿಯೇ ಹುಟ್ಟಿದೆ ಎನಿಸಿ ಬೀಗಪ್ಪ ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ವಿಷಯ ಇಷ್ಟೇ. ಲಿಫ್ಟ್ ಮೇಲೆ ಕೆಳಗೆ ಓಡಾಡುವ ಉದ್ದನೆಯ ಕಂಡಿಗೆ ಈ ಕಸುಬಿನವರು ಬಾವಿ ಎನ್ನುತ್ತಾರೆ. ಬಾವಿಗಿಳಿಯುವ ಮೊದಲು ಮೆಕ್ಯಾನಿಕ್ ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನ ಸ್ವಂತ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸುತ್ತಾನೆ. ಅವನು ಹೊರಗೆ ಬಂದು ತನ್ನ ಕೈಯಾರೆ ಬೀಗ ತೆಗೆಯುವವರೆಗೆ ಲಿಫ್ಟಿಗೆ ಕರೆಂಟಿಲ್ಲ. ಬೀಗ ಕೊಂಡ ದಿನವೇ ಎರಡನೆಯ ಕೀಲಿಯನ್ನು ಮುರಿದು ಎಸೆಯುವುದು ಪದ್ಧತಿ. ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಬ್ಬನಿಗೆ ವಹಿಸುವುದಾದರೆ ಇಬ್ಬರೂ ಸ್ವಿಚ್ಚಿನ ಮುಂದೆ ನಿಲ್ಲಬೇಕು. ಹೋಗುವವನು ತನ್ನ ಬೀಗ ತೆಗೆಯಬೇಕು, ಬರುವವನು ತನ್ನದನ್ನು ಹಾಕಬೇಕು. ಬೀಗಪ್ಪ ವಿಮಾನ ಹತ್ತುವ ಹಿಂದಿನ ಸಂಜೆ ಅಕ್ಕನ ಕಟ್ಟಡದ ಲಿಫ್ಟಿನ ಬ್ರೇಕು ಸವೆದದ್ದನ್ನು ಕಂಡು ಬೀಗ ಜಡಿದಿದ್ದ. ಹೊಸ ಬ್ರೇಕು ಮರುದಿನ ಬರುವುದಿತ್ತು, ಶಿಷ್ಯ ಕೂರಿಸುವುದಿತ್ತು. ಅಷ್ಟರಲ್ಲಿ ಹೆಂಡತಿ ಫೋನ್ ಮಾಡಿ, ಸೂಟ್‌ಕೇಸಿನ ಜಿಪ್ ಕಿತ್ತುಹೋಗಿದೆ, ನಿಮಗೇನು ಊರವರ ಲಿಫ್ಟೇ ಮುಖ್ಯ ಎಂದು ಬೈದಳು. ಬೀಗಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಿದ್ದ. ಬೀಗ ಅಲ್ಲೇ ಉಳಿಯಿತು, ಕೀಲಿ ಇವನ ಜೊತೆ ಸಮುದ್ರ ದಾಟಿತು, ಅದಾಗಿ ನಾಲ್ಕು ದಿನ.

ಬೇರೆ ಯಾರೇ ಮೆಕ್ಯಾನಿಕ್ ಆಗಿದ್ದರೂ ಫೋನಿನಲ್ಲೇ "ಕತ್ತರಿಸಿ ಬಿಸಾಕ್ರಪ್ಪ" ಎಂದು ಕೈತೊಳೆದುಕೊಳ್ಳುತ್ತಿದ್ದ. ಆದರೆ ಇವನು ಬೀಗಪ್ಪ. ಆ ಹೆಸರು ಬಂದದ್ದೇ ಬೀಗದ ಹಟದಿಂದ. ಬಹಳ ವರ್ಷಗಳ ಹಿಂದೆ ಅಕ್ಕನ ಗಂಡ, ಅವರೂ ಮೆಕ್ಯಾನಿಕ್ಕೇ, ಬಾವಿಯ ತಳದಲ್ಲಿ ಕೆಲಸ ಮಾಡುತ್ತಿದ್ದಾಗ ಯಾರೋ ಕಟ್ಟಡದ ಕಚೇರಿಗೆ ಫೋನ್ ಮಾಡಿ, "ಅವರು ಟೀ ಕುಡಿಯೋಕೆ ಹೋದ್ರು, ಈಗ ತಾನೇ ನೋಡಿದೆ" ಎಂದಿದ್ದರು. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮೇಲ್ವಿಚಾರಕ ಭಾವನ ಬೀಗವನ್ನು ಕತ್ತರಿಸಿ ಸ್ವಿಚ್ ಹಾಕಿದ. ಟೀ ಕುಡಿಯಲು ಹೋದದ್ದು ಅಂಥದೇ ಅಂಗಿ ತೊಟ್ಟ ಇನ್ನೊಬ್ಬ. ಆ ಹೊತ್ತಿಗೆ ಬೀಗಪ್ಪ ಬೇರೆ ಊರಿನಲ್ಲಿ ಬೇರೆ ಲಿಫ್ಟಿನ ಹಗ್ಗ ಬದಲಿಸುತ್ತಿದ್ದ. ಬಂದು ನೋಡಿದಾಗ ನೋಡಲು ಏನೂ ಉಳಿದಿರಲಿಲ್ಲ.

ಆಮೇಲೆ ಅವನು ಲಿಫ್ಟ್ ಮೆಕ್ಯಾನಿಕ್‌ಗಳ ಸಂಘದಲ್ಲಿ ಹಟ ಹಿಡಿದು ಒಂದು ನಿಯಮ ಮಾಡಿಸಿದ: ಹಾಕಿದವನು ಎದುರಿಗೆ ಬಂದು ನಿಂತ ಹೊರತು ಬೀಗವನ್ನು ಯಾರೂ, ಯಾವ ಕಾರಣಕ್ಕೂ ಕತ್ತರಿಸಕೂಡದು. ಕೆಲವು ವರ್ಷ ಕಳೆದು ಸಂಘದ ಅಧ್ಯಕ್ಷರು ಅದಕ್ಕೊಂದು ಬಾಲ ಸೇರಿಸೋಣವೆಂದರು. ಬೀಗದವನು ದೂರ ಇದ್ದರೆ ಇನ್ನೊಬ್ಬ ಮೆಕ್ಯಾನಿಕ್ ಬಾವಿಗಿಳಿದು ನೋಡಿ, ಖಾಲಿ ಎಂದು ಖಚಿತ ಮಾಡಿಕೊಂಡು ಕತ್ತರಿಸಬಹುದು ಎಂದು. ಬೀಗಪ್ಪ ಸಭೆಯಲ್ಲಿ ಎದ್ದು ನಿಂತು, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಣ್ಣು ಮೋಸ ಮಾಡಿದ್ದಕ್ಕೇ ನನ್ನಕ್ಕನ ಕುತ್ತಿಗೆ ಬೋಳಾಗಿದ್ದು," ಎಂದು ಗದ್ಗದಿತನಾದ. ಅದರ ಮುಂದೆ ಯಾರು ಏನು ಹೇಳಿಯಾರು. ಬಾಲ ಅಲ್ಲೇ ಕತ್ತರಿಸಿಹೋಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಧ್ಯಕ್ಷರು ಗೊಣಗಿಕೊಂಡು ಹೋದರು.

ಈ ಶಾಲೆಯೂ ಅವನ ಹಟದ ಕೂಸೇ. ಸಂಘದವರ ತಿಂಗಳ ಚಂದಾದಿಂದ ಹೊರದೇಶದ ಒಂದು ಬಡ ಕೇರಿಯಲ್ಲಿ ಲಿಫ್ಟ್ ಕೆಲಸ ಕಲಿಸುವ ಕೋಣೆ ಕಟ್ಟಿಸೋಣ ಎಂದಾಗ ಅಧ್ಯಕ್ಷರು, "ಲಿಫ್ಟೇ ಇಲ್ಲದ ಕೇರಿಗೆ ಲಿಫ್ಟ್ ವಿದ್ಯೆನಾ? ಬೋಳುತಲೆಯವರಿಗೆ ಬಾಚಣಿಗೆ ಹಂಚಿದ ಹಾಗಾಯ್ತು," ಎಂದು ನಕ್ಕಿದ್ದರು. "ಕೇರಿಯಲ್ಲಿ ಲಿಫ್ಟಿಲ್ಲ ನಿಜ. ಪಕ್ಕದ ಬಂದರಿನ ಎತ್ತರದ ಕಟ್ಟಡಗಳಿಗೆಲ್ಲ ಇಟ್ಟಿಗೆ ಹೊರೋರು ಈ ಕೇರಿಯವರೇ, ಬಾವಿಗೆ ಬಿದ್ದು ಸಾಯೋರೂ ಇವರೇ. ಹೊರೋ ಬದಲು ಕಲೀಲಿ," ಎಂದಿದ್ದ ಬೀಗಪ್ಪ. ಹಾಗೆ ತಗಡಿನ ಮಾಡುಗಳ ನಡುವೆ ಮೂರು ಅಂತಸ್ತಿನ ಕಬ್ಬಿಣದ ಚೌಕಟ್ಟೊಂದು ಎದ್ದಿತು, ಅದರೊಳಗೆ ಒಂದು ಪುಟ್ಟ ಲಿಫ್ಟ್. ಎಲ್ಲಿಗೂ ಹೋಗದ ಲಿಫ್ಟ್ ಅದು. ಮೇಲೆ ಹೋದರೆ ಕೇರಿಯ ಮಾಡುಗಳು ಕಾಣುತ್ತವೆ, ಅಷ್ಟೇ. ಈಗ ಮೊದಲ ತಂಡದ ಪರೀಕ್ಷೆಗೆ ಎರಡೇ ದಿನ ಇತ್ತು. ಪರೀಕ್ಷಕ ಬೀಗಪ್ಪನೇ. ಅವನು ರುಜು ಮಾಡಿದ ಪತ್ರ ಇದ್ದವರಿಗೆ ಬಂದರಿನಲ್ಲಿ ಕೆಲಸ ಕಾದಿತ್ತು. ಇಲ್ಲದವರಿಗೆ ಇಟ್ಟಿಗೆ ಕಾದಿತ್ತು.

ಪಾಠ ಬೇಗ ಮುಗಿಸಿ ಅವನು ಅಕ್ಕನಿಗೆ ಫೋನ್ ಮಾಡಿದ.

"ಈಗ ನೆನಪಾಯ್ತಾ ನಿನಗೆ?" ಎಂದಳು ಅಕ್ಕ. "ನೀನು ಹೋದ ಮಾರನೇ ದಿನವೇ ನಿನ್ನ ಶಿಷ್ಯ ಬಂದು ಬ್ರೇಕ್ ಹಾಕಿ ಹೋದ. ಎಲ್ಲ ಸರಿಯಾಗಿದೆ ಅಮ್ಮ, ಬೀಗ ಒಂದೇ ಬಾಕಿ ಅಂದ. ನೀನು ಊರಿಗೆ ಉಪಕಾರ ಮಾಡ್ತಿದೀಯ, ತಲೆ ಕೆಡಿಸಬಾರದು ಅಂತ ನಾನೇ ಹೇಳಬೇಡ ಅಂದೆ."

"ಹಾಲು, ತರಕಾರಿ?"

"ಹಗ್ಗ ಕಟ್ಟಿ ಬುಟ್ಟಿ ಬಿಡ್ತೀನಿ. ನಾನೂ ಒಂದು ಲಿಫ್ಟ್ ಇಟ್ಕೊಂಡಿದೀನಿ ಅಂದ್ಕೋ." ನಕ್ಕು, ಆಮೇಲೆ ದನಿ ತಗ್ಗಿಸಿದಳು. "ನಾಡಿದ್ದು ಕಣ್ಣಿನ ಆಪರೇಷನ್ ಇದೆ ಕಣೋ. ಆ ತಾರೀಖು ಸಿಗೋಕೆ ಎಷ್ಟು ಕಾದಿದ್ದೆ ಅಂತ ಗೊತ್ತಲ್ಲ."

ಅವನಿಗೆ ಗೊತ್ತಿತ್ತು. ಅಕ್ಕನ ಒಂದು ಕಣ್ಣು ಪೂರ್ತಿ ಮಂಜಾಗಿತ್ತು, ಇನ್ನೊಂದೂ ಅದೇ ದಾರಿ ಹಿಡಿದಿತ್ತು.

ಶಿಷ್ಯನಿಗೆ ಫೋನ್ ಮಾಡಿದರೆ ಅವನದು ಬೇರೆಯೇ ರಾಗ. "ಕತ್ತರಿಸು ಅಂತ ನೀವು ಹೇಳಿಬಿಡಿ ಸರ್, ಈಗಲೇ ಹೋಗ್ತೀನಿ. ಆದ್ರೆ ನಾಳೆ ನನ್ನ ಕೈಕೆಳಗಿನ ಹುಡುಗರು ಕೇಳ್ತಾರೆ. ಮೇಷ್ಟ್ರ ಅಕ್ಕನಿಗೆ ಒಂದು ನಿಯಮ, ನಮಗೊಂದು ನಿಯಮಾನಾ ಅಂತ. ಇನ್ಮೇಲೆ ಫೋನ್ ಬಂದ್ರೆ ಸಾಕು ಎಲ್ಲರೂ ಕತ್ತರಿ ಎತ್ಕೋತಾರೆ."

ಶಿಷ್ಯನ ಮಾತು ನಿಜವೇ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. "ಸ್ವಲ್ಪ ತಡಿ," ಎಂದು ಫೋನ್ ಇಟ್ಟ. ಕೀಲಿಯನ್ನು ಅಂಚೆಯಲ್ಲಿ ಕಳಿಸಿದರೆ ವಾರ ದಾಟುತ್ತದೆ. ತಾನೇ ವಿಮಾನ ಹತ್ತಿದರೆ ಪರೀಕ್ಷೆ ನಿಲ್ಲುತ್ತದೆ, ಹನ್ನೊಂದು ಮಂದಿಯ ಕೆಲಸ ಹೋಗುತ್ತದೆ. ಎರಡು ದಿನವೂ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೇರಿಯ ಓಣಿಗಳಲ್ಲಿ ಸುತ್ತಿದ. ಒಣಹಾಕಿದ ಬಟ್ಟೆಗಳ ಕೆಳಗೆ ಬಗ್ಗಿ, ನಲ್ಲಿಯ ಸಾಲು ದಾಟಿ, ಮತ್ತೆ ಅದೇ ಚೌಕಟ್ಟಿನ ಹತ್ತಿರ ಬಂದು, ಬೀಗ ಹಾಕಿದೆಯೇ ಎಂದು ಎಳೆದು ನೋಡಿ, ಮತ್ತೆ ಹೊರಟ. ಊಟದ ತಟ್ಟೆಯ ಮುಂದೆಯೂ ಎಡಗೈ ಜೇಬಿನಲ್ಲೇ ಇತ್ತು. ಟೀಚರಮ್ಮ ಎರಡು ದಿನ ನೋಡಿ, "ನಿಮಗೇನಾದ್ರೂ ಕಚ್ಚಿದೆಯಾ?" ಎಂದು ಕೇಳಿದರು. ಏನೂ ಇಲ್ಲ ಎಂದ.

ಪರೀಕ್ಷೆಯ ಬೆಳಿಗ್ಗೆ ಕೈಕೆಲಸದಲ್ಲಿ ಯಾರೂ ಸೋಲಲಿಲ್ಲ. ಬಾಗಿಲು ಹೊಂದಿಸಿದರು, ಹಗ್ಗದ ಬಿಗುವು ನೋಡಿದರು, ಬ್ರೇಕು ಬಿಚ್ಚಿ ಕೂರಿಸಿದರು. ಬಾಯಿಪರೀಕ್ಷೆಗೆ ಒಂದೇ ಪ್ರಶ್ನೆ ಎಂದು ಬೀಗಪ್ಪ ಮೊದಲೇ ಸಾರಿದ್ದ. ಆ ಪ್ರಶ್ನೆಯನ್ನು ಹೊಲಿಯಲು ಅವನಿಗೆ ಹೆಚ್ಚು ಕಷ್ಟವಾಗಲಿಲ್ಲ, ಎರಡು ದಿನದಿಂದ ಅದನ್ನೇ ತೊಟ್ಟುಕೊಂಡು ಓಡಾಡುತ್ತಿದ್ದನಲ್ಲ.

"ಬೀಗ ಹಾಕಿದವನು ಮರೆತು ಪರದೇಶಕ್ಕೆ ಹೋಗಿದಾನೆ. ಕೆಲಸ ಮುಗಿದಿದೆ. ಮೇಲಿನ ಮಹಡೀಲಿ ಒಬ್ಬ ಮುದುಕಿ ಸಿಕ್ಕಿಹಾಕ್ಕೊಂಡಿದಾಳೆ. ಅವನು ಫೋನ್ ಮಾಡಿ ಕತ್ತರಿಸು ಅಂತಾನೆ. ನೀವೇನು ಮಾಡ್ತೀರಿ?"

ಒಬ್ಬೊಬ್ಬರಾಗಿ ಬಂದು ಹೇಳಿದರು. ಕತ್ತರಿಸಲ್ಲ ಸರ್. ಅವನು ಬರೋವರೆಗೂ ಕಾಯ್ತೀನಿ ಸರ್. ಯಾರ ಬೀಗವೋ ಅವರದೇ ಕೀಲಿ ಸರ್. ಮುದುಕಿ? ಕಾಯಲಿ ಸರ್. ಒಬ್ಬ ಹುಡುಗ ಮಾತ್ರ ಮುದುಕಿಯನ್ನು ಹೊತ್ತು ಇಳಿಸುತ್ತೇನೆ ಎಂದ, ಅವನ ಭುಜ ಹಾಗಿತ್ತು. ಹತ್ತು ಮಂದಿಯ ಬಾಯಲ್ಲಿ ತನ್ನದೇ ನಿಯಮ ಕೇಳುತ್ತ ಬೀಗಪ್ಪನಿಗೆ ಸಮಾಧಾನವಾಗಬೇಕಿತ್ತು. ಪ್ರತಿ ಸಲ "ಕಾಯಲಿ" ಎಂದಾಗಲೂ ಅಕ್ಕನ ಬುಟ್ಟಿ ಕಣ್ಣ ಮುಂದೆ ಇಳಿಯಿತು.

ಕೊನೆಗೆ ಗಿಣಿ ಬಂದಳು. ಬೇರೆಲ್ಲರಿಗಿಂತ ಮೊದಲು ಒಪ್ಪಿಸಬೇಕಾದವಳು ಕಿಟಕಿಯಾಚೆಯ ಚೌಕಟ್ಟಿನ ಕಡೆ ತಿರುಗಿ ನೋಡಿದಳು.

"ಮೊದಲು ನನ್ನ ಬೀಗವನ್ನೂ ಅವರ ಬೀಗದ ಪಕ್ಕ ಹಾಕ್ತೀನಿ ಸರ್," ಎಂದಳು ನಿಧಾನವಾಗಿ. "ಆಮೇಲೆ ಬಾವಿಗೆ ಇಳೀತೀನಿ. ತಳ ನೋಡ್ತೀನಿ, ಲಿಫ್ಟಿನ ತಲೆ ಮೇಲೆ ನೋಡ್ತೀನಿ. ಕೂಗ್ತೀನಿ. ಯಾರೂ ಇಲ್ಲ ಅಂದ್ರೆ ಮೇಲೆ ಬಂದು ಅವರ ಬೀಗ ಕತ್ತರಿಸಿ, ನನ್ನದನ್ನ ನನ್ನ ಕೀಲಿಯಿಂದ ತೆಗೀತೀನಿ."

ಬೀಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸಭೆಯಲ್ಲಿ ಕತ್ತರಿಸಿ ಹಾಕಿದ ಅಧ್ಯಕ್ಷರ ಬಾಲ ಸಮುದ್ರ ಈಜಿ ಬಂದು ಇಲ್ಲಿ ಈ ಹುಡುಗಿಯ ಬಾಯಲ್ಲಿ ಅಲ್ಲಾಡುತ್ತಿತ್ತು.

"ಇದನ್ನ ಯಾರು ಹೇಳಿಕೊಟ್ರು ನಿನಗೆ?"

"ಯಾರೂ ಇಲ್ಲ ಸರ್. ಮುದುಕಿ ಇದಾಳೆ ಅಂದ್ರಲ್ಲ, ಅದಕ್ಕೆ ಯೋಚನೆ ಮಾಡ್ದೆ."

"ನಾನು ಯೋಚನೆ ಮಾಡು ಅಂದಿರಲಿಲ್ಲ. ಕಲಿಸಿದ್ದು ಹೇಳು ಅಂದಿದ್ದೆ. ಈ ಉತ್ತರ ತಪ್ಪು."

ಟೀಚರಮ್ಮ ಇದನ್ನು ಉಳಿದವರಿಗೆ ತಿಳಿಸಲಿಲ್ಲ. ತಿಳಿಸುವ ಅಗತ್ಯವೂ ಇರಲಿಲ್ಲ, ಗಿಣಿಯ ಮುಖ ನೋಡಿಯೇ ಕೋಣೆ ತಣ್ಣಗಾಗಿತ್ತು. ಅವಳು ಅಳಲಿಲ್ಲ. ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿದಳು. "ಅವಳಮ್ಮ ಇವತ್ತಿನ ಕೂಲಿ ಬಿಟ್ಟು ಗೇಟಿನ ಹತ್ತಿರ ನಿಂತಿದಾಳೆ," ಎಂದರು ಟೀಚರಮ್ಮ, ಬೀಗಪ್ಪನ ಮುಖ ನೋಡದೆ. "ನಾನೇನು ಹೇಳ್ಲಿ?"

ಬೀಗಪ್ಪ ಹಿಂಬಾಗಿಲಿನಿಂದ ಓಣಿಗಿಳಿದ. ಗೇಟಿನ ಕಡೆ ಹೋಗುವ ಧೈರ್ಯ ಇರಲಿಲ್ಲ. ನ್ಯಾಯವಾಗಿಯೇ ನಡೆದುಕೊಂಡಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ನಿಯಮ ಎಂದ ಮೇಲೆ ನಿಯಮ. ಇವಳನ್ನು ಪಾಸು ಮಾಡಿದರೆ ಅಲ್ಲಿ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತಾರೆ. ಅದಿರಲಿ, ಭಾವನ ಹೆಸರಿನಲ್ಲಿ ಮಾಡಿದ ನಿಯಮವನ್ನು ಮುರಿದರೆ ಭಾವನಿಗೆ ಏನು ಉಳಿದಂತಾಯಿತು. ಹೀಗೆಂದುಕೊಳ್ಳುತ್ತ ಒಂದೇ ಓಣಿಯನ್ನು ಸುತ್ತುವುದನ್ನು ಕಂಡು ಹೊಸಿಲ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ದಾರಿ ತಪ್ಪಿದನೆಂದು ಕೈಸನ್ನೆಯಿಂದ ರಸ್ತೆ ತೋರಿಸಿದಳು. ಆಗಲೇ ಫೋನ್ ಬಂತು.

"ಗಾಬರಿ ಆಗಬೇಡ," ಎಂದಳು ಅಕ್ಕ. ಗಾಬರಿಯಾಗಲು ಅಷ್ಟು ಸಾಕಾಯಿತು. "ಮೂರನೇ ಮಹಡಿ ಮೆಟ್ಟಿಲ ಹತ್ತಿರ ಕೂತಿದೀನಿ. ಆಸ್ಪತ್ರೆ ಹೊತ್ತಾಯ್ತಲ್ಲ ಅಂತ ಒಬ್ಬಳೇ ಇಳಿಯೋಕೆ ಹೋದೆ. ಕೊನೇ ಮೆಟ್ಟಿಲು ಅಂದ್ಕೊಂಡೆ, ಇನ್ನೊಂದಿತ್ತು. ಕಾಲು ಉಳುಕಿದೆ ಅಷ್ಟೇ, ಮುರಿದಿಲ್ಲ. ಪಕ್ಕದ ಮನೆಯವರು ಕುರ್ಚಿ ತಂದು ಕೂರಿಸಿದಾರೆ. ಹೊತ್ಕೊಂಡು ಇಳಿಸ್ತೀವಿ ಅಂತಾರೆ, ನಾನೇ ಬೇಡ ಅಂದೆ. ಅವರೂ ಬಿದ್ರೆ?"

"ಅಕ್ಕಾ, ನನ್ನಿಂದ..."

"ಸುಮ್ನಿರು. ಬೈಯೋಕೆ ಫೋನ್ ಮಾಡಿಲ್ಲ. ಇಲ್ಲಿ ಕೂತು ಕೂತು ಒಂದು ಯೋಚನೆ ಬಂತು. ಬಂತು ಅಂದ್ರೆ, ಅದು ಯಾವಾಗ್ಲೂ ಇತ್ತು." ಕುರ್ಚಿಯಲ್ಲಿ ಸರಿದು ಕೂತ ಸದ್ದು ಕೇಳಿಸಿತು. "ನೀನು ಆ ನಿಯಮ ಮಾಡಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ದೆ. ಮನೆಗೆ ಬಂದು ಅತ್ತೆ. ಯಾಕೆ ಗೊತ್ತಾ? ಆ ದಿನ ಫೋನ್ ಮಾಡಿದೋರು ಇದ್ರು, ಬೀಗ ಕತ್ತರಿಸಿದೋರು ಇದ್ರು, ಸ್ವಿಚ್ ಹಾಕಿದೋರು ಇದ್ರು. ಬಾವಿಗೆ ಬಗ್ಗಿ ಒಂದು ಸಲ, ಒಳಗೆ ಇದೀರಾ ಅಂತ ಕೂಗಿದೋರು ಯಾರಾದ್ರೂ ಇದ್ರಾ?"

"ಇರಲಿಲ್ಲ."

"ಕೂಗಿದ್ರೆ ಅವರು ಓ ಅಂತಿದ್ರು ಕಣೋ. ಎಷ್ಟೇ ಕೆಲಸ ಇರಲಿ, ಕರೆದ್ರೆ ಓ ಅನ್ನದೆ ಇರೋ ಮನುಷ್ಯ ಅಲ್ಲ ಅವರು. ನೀನು ಯಾರನ್ನೂ ನಂಬಬಾರದು ಅಂತ ನಿಯಮ ಮಾಡ್ದೆ. ನನಗೆ ಬೇಕಾಗಿದ್ದು ಅದಲ್ಲ. ಯಾರಾದ್ರೂ ನೋಡಬೇಕಿತ್ತು. ಅಷ್ಟೇ."

ಅವನು ಓಣಿಯ ಗೋಡೆಗೆ ಒರಗಿ ನಿಂತ. ಇಷ್ಟು ವರ್ಷ ಸಿಟ್ಟನ್ನೇ ದುಃಖ ಅಂದುಕೊಂಡು ಹೊತ್ತು ತಿರುಗಿದ್ದ. ಫೋನಿನ ಮೇಲೆ ಸಿಟ್ಟು, ಕತ್ತರಿಯ ಮೇಲೆ ಸಿಟ್ಟು, ಕೊನೆಗೆ ಕಣ್ಣಿನ ಮೇಲೂ ಸಿಟ್ಟು. ಕಣ್ಣು ಮೋಸ ಮಾಡಿತು ಎಂದು ಸಭೆಯಲ್ಲಿ ಹೇಳಿದ್ದನಲ್ಲ, ಯಾವ ಕಣ್ಣು? ಬಾವಿಯನ್ನು ಕಂಡ ಕಣ್ಣು ಒಂದೂ ಇರಲಿಲ್ಲ. ಮಾಡಬೇಕಾದದ್ದನ್ನು ಇನ್ನೂ ಮೀಸೆ ಮೂಡದ ಹುಡುಗರ ನಡುವೆ ಒಬ್ಬಳು ಹೇಳಿದಳು, ಅವಳಿಗೆ ತಪ್ಪು ಎಂದ. ಅವನಿಗೆ ನಾಚಿಕೆಯಾಯಿತು, ಅಕ್ಕನ ಮುಂದೆಯೂ, ಆ ಹುಡುಗಿಯ ಮುಂದೆಯೂ.

"ಕುರ್ಚಿ ಬಿಟ್ಟು ಏಳಬೇಡ," ಎಂದು ಅಕ್ಕನಿಗೆ ಹೇಳಿ, ಬಂದ ದಾರಿಯಲ್ಲೇ ಓಡಿದ.

ಕೋಣೆಯಲ್ಲಿ ಯಾರೂ ಎದ್ದಿರಲಿಲ್ಲ. ಗಿಣಿ ಮಾತ್ರ ಪೆಟ್ಟಿಗೆ ಮುಚ್ಚಿ ಬಾಗಿಲ ಬಳಿ ನಿಂತಿದ್ದಳು. ಬೀಗಪ್ಪ ಏದುಸಿರು ಬಿಡುತ್ತ ಟೀಚರಮ್ಮನಿಗೆ, "ಅವಳಮ್ಮನಿಗೆ ಮಗಳು ಪಾಸು ಅಂತ ಹೇಳಿ ಬನ್ನಿ. ಆಮೇಲೆ ಈ ಹತ್ತು ಜನಕ್ಕೂ ಒಂದು ಮಾತು ಹೇಳಿ. ಅವರ ಉತ್ತರ ನಾನು ಕಲಿಸಿದ್ದು, ಅವರೂ ಪಾಸು. ಕಲಿಸಿದ್ದರಲ್ಲಿ ಅರ್ಧ ಬಿಟ್ಟುಹೋಗಿತ್ತು, ಅದನ್ನ ಈಗ ಇವಳು ತೋರಿಸ್ತಾಳೆ," ಎಂದ. ಕೆಂಪು ತಲೆಯ ಕೀಲಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ. "ಪರದೇಶಕ್ಕೆ ಹೋದ ಮರೆಗುಳಿ ನಾನೇ. ಮುದುಕಿ ನನ್ನಕ್ಕ."

ಟೀಚರಮ್ಮ ಅದನ್ನು ಅವರ ಭಾಷೆಯಲ್ಲಿ ಹೇಳಿದಾಗ ಭುಜದ ಹುಡುಗ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ.

ಬೀಗಪ್ಪ ಶಿಷ್ಯನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಅಕ್ಕನ ಕಟ್ಟಡಕ್ಕೆ ಹೋಗಲು ಹೇಳಿದ. ಶಿಷ್ಯ ಹತ್ತಿರದಲ್ಲೇ ಇದ್ದ. ಸ್ವಿಚ್ಚಿನ ಮುಂದೆ ನಿಂತು, "ಅಧ್ಯಕ್ಷರಿಗೆ ಏನಂತ ಹೇಳ್ಲಿ ಸರ್?" ಎಂದು ಕೇಳಿದ.

"ನಾನೇ ಹೇಳ್ತೀನಿ. ಅವರು ಅವತ್ತು ಹೇಳಿದ್ದು ಸರಿ ಇತ್ತು ಅಂತ. ಈಗ ಈ ಹುಡುಗಿ ಹೇಳಿದ ಹಾಗೆ ಮಾಡು."

ಗಿಣಿ ಮೇಜಿನ ಹತ್ತಿರ ಬಂದಳು. "ನಿಮ್ಮ ಬೀಗ ಹಾಕಿ. ಹಾಕಿದ್ರಾ? ಎಳೆದು ನೋಡಿ. ಬಾವಿ ಬಾಗಿಲು ತೆಗೀರಿ. ದೀಪ ತಗೊಂಡು ಇಳೀರಿ. ತಳದಲ್ಲಿ ನಾಲ್ಕು ಮೂಲೆನೂ ನೋಡಿ."

ಕಬ್ಬಿಣದ ಏಣಿಯ ಮೇಲೆ ಬೂಟಿನ ಸದ್ದು ಕೇಳಿಸಿತು. ಬಾವಿಯೊಳಗೆ ಹೋದಂತೆ ಶಿಷ್ಯನ ದನಿ ದೊಡ್ಡದಾಯಿತು. "ತಳ ಖಾಲಿ ಇದೆ. ಲಿಫ್ಟಿನ ಮೇಲೂ ಹತ್ತಿ ನೋಡ್ತೀನಿ." ಮತ್ತೆ ಏಣಿ, ಮತ್ತೆ ಬಾಗಿಲು. "ಇಲ್ಲೂ ಖಾಲಿ."

"ಈಗ ಕೂಗಿ," ಎಂದಳು ಗಿಣಿ.

"ಯಾರಾದ್ರೂ ಇದೀರಾ?"

ಆ ಕೂಗು ಬಾವಿಯ ಗೋಡೆಗೆ ತಾಗಿ ಫೋನಿನಲ್ಲಿ ಎರಡು ಮೂರು ಸಲ ಮರಳಿ ಬಂತು. ಬೀಗಪ್ಪ ಮೇಜಿನ ಅಂಚನ್ನು ಹಿಡಿದುಕೊಂಡ. ತಾನು ಕಿವಿಗೊಟ್ಟು ಕಾಯುತ್ತಿರುವುದು ಬೇರೆ ಕಟ್ಟಡದ ಬೇರೆ ಬಾವಿಯಿಂದ ಬರಬೇಕಾದ ಉತ್ತರಕ್ಕೆ ಎಂದು ಅವನಿಗೆ ತಿಳಿಯಿತು. ತಿಳಿದರೂ ಕಾದ.

"ಇನ್ನೊಂದು ಸಲ," ಎಂದಳು ಗಿಣಿ.

ಶಿಷ್ಯ ಇನ್ನೊಂದು ಸಲ ಕೂಗಿದ. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ಯಾರೂ ಇಲ್ಲ ಸರ್," ಎಂದ ಶಿಷ್ಯ. ಏಣಿ ಇಳಿದು ಸ್ವಿಚ್ಚಿನ ಬಳಿ ಬಂದು ಕೇಳಿದ, "ಕತ್ತರಿಸಲಾ?"

"ಯಾರೂ ಇಲ್ಲ," ಎಂದು ಬೀಗಪ್ಪ ತನ್ನಷ್ಟಕ್ಕೆ ಹೇಳಿಕೊಂಡ. ಭಾವ ಸತ್ತ ದಿನವೂ, ಮಣ್ಣು ಮಾಡಿದ ದಿನವೂ ಬಾರದ ಅಳು ಈಗ ಬಂತು. ಬೆಂಚಿನ ಮೇಲೆ ಕುಸಿದು ಕುಳಿತ. ಕತ್ತರಿಸು ಎಂಬ ಒಂದೇ ಒಂದು ಮಾತು ಬಾಕಿಯಿದ್ದರೂ ಮುಖ ಮುಚ್ಚಿಕೊಂಡು ಅತ್ತ.

"ಸರ್? ಸರ್, ಅಲ್ಲೇ ಇದೀರಾ?" ಎಂದು ಫೋನು ಕೇಳುತ್ತಿತ್ತು.

ಗಿಣಿ ಅವನ ಕಡೆ ತಿರುಗಿ, ತಲೆಯಿಂದ ಕಾಲಿನವರೆಗೆ ಒಮ್ಮೆ ಸರಿಯಾಗಿ ನೋಡಿದಳು. ಆಮೇಲೆ ಫೋನಿಗೆ ಬಗ್ಗಿದಳು.

"ಬೀಗ ಹಾಕಿದವರು ಇಲ್ಲೇ ಇದಾರೆ, ಬೆಂಚಿನ ಮೇಲೆ ಕೂತಿದಾರೆ," ಎಂದಳು. "ನಾನು ನೋಡ್ತಿದೀನಿ. ನೀವು ಕತ್ತರಿಸಿ."